ಎಂಟು ದೀಪಗಳ ಬೋರ್ಡು

ಯಲಹಂಕ
೬ ಆಗಸ್ಟ್ ೨೦೧೭

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಕೈಗಡಿಯಾರ ನೋಡಿಕೊಳ್ಳುತ್ತಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಊಟದ ವಾಸನೆ ಹಿಡಿದು ಬಂದು ಕೂತಿರುವ ಬಂಧುಗಳೇ,

ಈ ಕಾಗದ ನನ್ನ ಬಾಮೈದ ಬಾಲರಾಜನಿಗೆ ಬರೆದದ್ದಲ್ಲ. ಅವನ ಜತೆ ನಾನು ಮಾತು ಬಿಟ್ಟಿದ್ದೇನೆ. ಮಾತು ಬಿಟ್ಟವನಿಗೆ ಕಾಗದ ಬರೆಯುವಷ್ಟು ಮಾನಗೆಟ್ಟವನಲ್ಲ. ಆದ್ದರಿಂದ ಈ ತುಂಬಿದ ಸಭೆಯನ್ನು ಉದ್ದೇಶಿಸಿ ನಾಲ್ಕು ಮಾತಾಡುತ್ತೇನೆ. ಅವನು ಬಾಗಿಲ ಬಳಿ ನಿಂತು ಕೇಳಿಸಿಕೊಂಡರೆ ಅದು ಅವನ ಕಿವಿ, ಅವನ ಕರ್ಮ.

ನಾನು ಬ್ಯಾಟರಾಯಪ್ಪ. ದೊಡ್ಡಬಳ್ಳಾಪುರ ರಸ್ತೆಯ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವನು. ಓದಿದ್ದು ಕನ್ನಡ ಮಾಧ್ಯಮ. ಹೆಸರಿನ ಮುಂದೆ ಬಿ.ಎಸ್ಸಿ., ನಾಲಿಗೆ ಮಾತ್ರ ಬಿಸಿ ಬಿಸಿ. ನಮ್ಮ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಮರದ ಪೆಟ್ಟಿಗೆಯ ಟ್ರೈನರ್ ಕಿಟ್‌ಗಳಿವೆ. ಗುಂಡಿ ಒತ್ತಿದರೆ ಪುಸ್ತಕದಲ್ಲಿ ಬರೆದಿರುವ ಉತ್ತರವೇ ಬರುತ್ತದೆ. ಒಳಗೆ ಏನಿದೆ ಎಂದು ನೋಡಲು ಹೋದರೆ ಮುಚ್ಚಳಕ್ಕೆ ಸ್ಕ್ರೂ. ಹೀಗೆ ಮುಚ್ಚಳ ನೋಡಿಕೊಂಡೇ ನಮ್ಮ ಮಕ್ಕಳು ಡಿಪ್ಲೊಮಾ ಮುಗಿಸಿ ಹೋಗುತ್ತಾರೆ.

ಈ ವರ್ಷ ಲ್ಯಾಬಿಗೆಂದು ಆಡಳಿತ ಮಂಡಳಿ ಹಣ ಎತ್ತಿಟ್ಟಿದೆ. ಇನ್ನು ಹತ್ತು ವರ್ಷ ಮತ್ತೆ ಕೊಡುವುದಿಲ್ಲ. ಕಾರ್ಯದರ್ಶಿ ದಾಸಪ್ಪನವರಿಗೆ ಪರಿಚಯದ ಒಬ್ಬ ಸರಬರಾಜುದಾರ ಮತ್ತೆ ಮರದ ಪೆಟ್ಟಿಗೆಯನ್ನೇ ಹೊಸ ಬಣ್ಣ ಬಳಿದು ತರಲು ಕಾದಿದ್ದಾನೆ. ನಾನು ಹೇಳಿದ್ದು ಬೇರೆ. ಎಫ್‌ಪಿಜಿಎ ಎಂಬ ಚಿಪ್ಪಿದೆ. ಖಾಲಿ ಸೈಟುಗಳ ಲೇಔಟಿನಂಥದ್ದು. ಏನು ಕಟ್ಟಬೇಕೋ ಅದನ್ನು ಕಂಪ್ಯೂಟರಿನಲ್ಲಿ ಬರೆದು ತುಂಬಿದರೆ ಚಿಪ್ಪು ಅದೇ ಆಗಿ ನಿಲ್ಲುತ್ತದೆ. ಬೇಡವಾದರೆ ಒರೆಸಿ ಇನ್ನೊಂದು ಕಟ್ಟಬಹುದು. ರಿಸ್ಕ್-ಫೈವ್ ಮಾದರಿಯ ಪ್ರೊಸೆಸರುಗಳ ನಕ್ಷೆ ಈಗ ಬಯಲಿನಲ್ಲೇ ಸಿಗುತ್ತದೆ, ಯಾರ ಅಪ್ಪಣೆಯೂ ಬೇಡ. ಅದನ್ನು ಈ ಚಿಪ್ಪಿಗೆ ತುಂಬಿದರೆ ಚಿಕ್ಕಜಾಲದ ಹುಡುಗಿಯೊಬ್ಬಳು ತಾನೇ ಕಟ್ಟಿದ ಪ್ರೊಸೆಸರನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋಗಬಹುದು. ದಾಸಪ್ಪನವರು ಅಂದರು, ಸರಿ, ಓಡಿಸಿ ತೋರಿಸಿ, ಇಲ್ಲದಿದ್ದರೆ ಪೆಟ್ಟಿಗೆಯೇ ಗಟ್ಟಿ, ಈ ವಿಷಯವನ್ನು ಪಠ್ಯದಿಂದಲೇ ತೆಗೆಸುತ್ತೇನೆ.

ಚಿಪ್ಪು ಕೂರಿಸಿದ ಬೋರ್ಡುಗಳು ಹತ್ತಾರು. ನಾನು ಆರಿಸಿದ್ದು ಚಿಕ್ಕದು, ಅಗ್ಗದ್ದು, ಮೂವತ್ತು ಮಕ್ಕಳಿಗೆ ಮೂವತ್ತು.

ಹೋದ ವಾರ, ಶ್ರಾವಣ ಹುಟ್ಟುತ್ತಿದ್ದಂತೆ, ರಾಜಾನುಕುಂಟೆಯಲ್ಲಿ ಬಾಲರಾಜನ ಗೃಹಪ್ರವೇಶ. ಅವನು ಹೆಬ್ಬಾಳದ ಕಂಪನಿಯೊಂದರಲ್ಲಿ ಚಿಪ್ ವಿನ್ಯಾಸದ ಎಂಜಿನಿಯರು. ಪಂಕ್ತಿಯಲ್ಲಿ ಹೋಳಿಗೆ ಬಿದ್ದಿತ್ತು, ತುಪ್ಪ ಬರಬೇಕಿತ್ತು. ಬೋರ್ಡಿನ ವಿಷಯ ಹೇಳಿದೆ. ಅವನು ತನ್ನ ಆಫೀಸಿನವರ ಕಡೆ ತಿರುಗಿ ನಕ್ಕು, "ಭಾವ, ಅದು ಆಟದ ಸಾಮಾನು ಕಣ್ರೀ," ಅಂದ. ಕೊಳ್ಳುವುದಾದರೆ ದೊಡ್ಡ ಕಂಪನಿಯ ದೊಡ್ಡ ಬೋರ್ಡು ಕೊಳ್ಳಿ ಎಂದು ಅದರ ಹೆಸರು ಹೇಳಿದ. ನಾನು ಅವನನ್ನು ಕಂಪನಿಗಳ ದಲ್ಲಾಳಿ ಎಂದೆ. ಎಲೆ ಬಿಟ್ಟು ಎದ್ದೆ. ಹೊಸ ಮನೆಯ ಮೊದಲ ಪಂಕ್ತಿಯಲ್ಲಿ ಮನೆಯ ಅಳಿಯ ಎಲೆ ಬಿಟ್ಟು ಎದ್ದ. ಯಾರೋ ಹಿರಿಯರು ಯಾವ ಬೋರ್ಡಿನ ಜಗಳ, ಕರೆಂಟಿನದೋ ನೀರಿನದೋ ಎಂದು ಕೇಳುತ್ತಿದ್ದರು.

ಕೈತೊಳೆಯುವ ಜಾಗದಲ್ಲಿ ಅತ್ತೆ ಲಕ್ಷ್ಮಿದೇವಮ್ಮನವರು ತೀರ್ಪು ಕೊಟ್ಟರು. "ಇಂಗೆ ಬಾಯ್ ತೆಗುದ್ರೆ ಕಚ್ಚಾಡ್ತೀರ. ಏನಿದ್ರೂ ಬರ್ದು ಕಳಿಸ್ಕಳಿ. ಬರ್ದು ಬರ್ದು ಕೈ ನೋಯ್ತದೆ, ಅಷ್ಟೊತ್ಗೆ ಸಿಟ್ಟೂ ಇಳೀತದೆ."

ಅತ್ತೆಯವರಿಗೆ ನನ್ನ ಕೈ ಎಷ್ಟು ಗಟ್ಟಿ ಎಂದು ಗೊತ್ತಿಲ್ಲ.

ಸಭೆಗೆ ವಂದಿಸಿ,
ಬಿ. ಬ್ಯಾಟರಾಯಪ್ಪ


ರಾಜಾನುಕುಂಟೆ
೨೦ ಆಗಸ್ಟ್ ೨೦೧೭

ಭಾವನವರಿಗೆ ನಮಸ್ಕಾರ.

ನಾನು ಬಾಗಿಲ ಬಳಿ ನಿಂತಿಲ್ಲ. ನನ್ನ ಮನೆ, ನನ್ನ ಕುರ್ಚಿ, ಕೂತೇ ಓದಿದ್ದೇನೆ. ಕನ್ನಡದಲ್ಲಿ ಇಷ್ಟುದ್ದ ಬರೆದು ಬಹಳ ಕಾಲವಾಗಿದೆ. ಅಕ್ಕ ಕೊಟ್ಟ ಕಾಗದವನ್ನು ಅಮ್ಮನೂ ಓದಿಸಿಕೊಂಡರು. "ಮಾನಗೆಟ್ಟವನು" ಬಂದಾಗ ಅವರು ನಕ್ಕರು. ನಾನು ನಗಲಿಲ್ಲ.

ನಿಮಗೆ ಬೇಕಿದ್ದದ್ದು ಅಭಿಪ್ರಾಯವೋ ಆಶೀರ್ವಾದವೋ? ಅಭಿಪ್ರಾಯವಾದರೆ ಕೇಳಿ. ನಿಮ್ಮ ಚಿಕ್ಕ ಚಿಪ್ಪಿನಲ್ಲಿ ಪ್ರೊಸೆಸರ್ ಹಿಡಿಯುತ್ತದೆ, ಇಲ್ಲ ಅನ್ನುವುದಿಲ್ಲ. ಅಡುಗೆಮನೆಯೊಳಗೆ ಮಂಚ ಹಾಕಿದರೆ ಹಿಡಿಯುವ ಹಾಗೆ. ಆಮೇಲೆ ತಿರುಗಾಡಲು ಜಾಗ ಬೇಡವೇ? ನಿಮ್ಮ ಹುಡುಗಿ ಅದಕ್ಕೊಂದು ಗುಣಾಕಾರ ಸೇರಿಸುತ್ತೇನೆ ಅಂದರೆ ಚಿಪ್ಪು ಜಾಗವಿಲ್ಲ ಎಂದು ಕೈ ಎತ್ತುತ್ತದೆ. ಮೆಮೊರಿ ಚಿಟಿಕೆಯಷ್ಟು. ನಾನು ಹೇಳಿದ ಬೋರ್ಡಿನ ಚಿಪ್ಪು ದೊಡ್ಡದು, ಪಕ್ಕದಲ್ಲೇ ಧಾರಾಳ ಮೆಮೊರಿ. ಬೆಲೆ ಹೆಚ್ಚು, ಒಪ್ಪಿದೆ. ಮೂವತ್ತರ ಬದಲು ಹತ್ತು ಕೊಳ್ಳಿ. ಮೂವರಿಗೊಂದು ಕೊಡಿ. ಹತ್ತು ವರ್ಷ ಬಾಳಬೇಕಾದ ಸಾಮಾನನ್ನು ಇವತ್ತಿನ ಜೇಬು ನೋಡಿ ಆರಿಸಬೇಡಿ.

ಆಟದ ಸಾಮಾನು ಅಂದದ್ದು ಬೋರ್ಡಿಗೆ. ನಿಮಗಲ್ಲ, ನಿಮ್ಮ ಮಕ್ಕಳಿಗಲ್ಲ. ನೀವು ಕೇಳಿಸಿಕೊಳ್ಳುವಷ್ಟರಲ್ಲಿ ಎದ್ದಿದ್ದಿರಿ.

ಇನ್ನು ದಲ್ಲಾಳಿ ಅಂದಿರಲ್ಲ. ಆ ಬೋರ್ಡು ಮಾರುವವರಿಗೂ ನನಗೂ ಯಾವ ಸಂಬಂಧವೂ ಇಲ್ಲ. ನನ್ನ ಆಫೀಸಿನವರು ಮರುದಿನ "ಯಾರ್ ಮಗಾ ಅದು, ಹೋಳಿಗೆ ಬಿಟ್ಟು ಹೋದೋರು?" ಎಂದು ಕೇಳಿದರು. ನಮ್ಮ ಭಾವ, ಅವರೇ ನನಗೆ ಬೆಸುಗೆ ಹಾಕೋದು ಕಲಿಸಿದ್ದು ಅಂದೆ. ಅಮ್ಮ ಆ ಎಲೆಯನ್ನು ಬೇರೆಯವರ ಕೈಲಿ ತೆಗೆಸಲಿಲ್ಲ, ತಾವೇ ಎತ್ತಿದರು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದೆ.

ಇಂತಿ,
ಬಾಲರಾಜ್


ಯಲಹಂಕ
೧೮ ಸೆಪ್ಟೆಂಬರ್ ೨೦೧೭
(ರಿಜಿಸ್ಟರ್ಡ್ ಅಂಚೆಯಲ್ಲಿ)

ಸಭಿಕರೇ,

ಯಲಹಂಕದಿಂದ ರಾಜಾನುಕುಂಟೆಗೆ ರಿಜಿಸ್ಟರ್ಡ್ ಅಂಚೆ ಏಕೆ ಎಂದು ತಾವು ಕೇಳಬಹುದು. ಅಂಚೆ ಕಚೇರಿಯಾಕೆಯೂ ಕೇಳಿದರು. ತಲುಪಿದ್ದಕ್ಕೆ ಸಹಿ ಬೇಕು ಎಂದೆ. ನಾಳೆ ಯಾರೂ ನನಗೆ ಗೊತ್ತಿರಲಿಲ್ಲ ಅನ್ನಬಾರದು.

ಮೂವರಿಗೊಂದು ಬೋರ್ಡಂತೆ. ಈ ಮಹಾಶಯ ಮೂವರಿಗೊಂದು ಲ್ಯಾಬಿನಲ್ಲಿ ಎಂದೂ ನಿಂತಿಲ್ಲ. ನಾನು ಇಪ್ಪತ್ತು ವರ್ಷ ನಿಂತಿದ್ದೇನೆ. ಒಬ್ಬ ಮಾಡುತ್ತಾನೆ, ಒಬ್ಬ ಬರೆದುಕೊಳ್ಳುತ್ತಾನೆ, ಇನ್ನೊಬ್ಬ ಕಿಟಕಿಯಾಚೆ ಬಸ್ಸು ನೋಡುತ್ತಾನೆ. ಮಾಡುವವನು ಯಾವಾಗಲೂ ಅವನೇ, ಇಂಗ್ಲಿಷಿನಲ್ಲಿ ಫಟಫಟ ಓದಬಲ್ಲವನು. ಬಸ್ಸು ನೋಡುವವನೂ ಯಾವಾಗಲೂ ಅವನೇ. ಆ ಬಸ್ಸು ನೋಡುವವನಿಗೆ ಒಂದು ಬೋರ್ಡು ಬೇಕು. ಅವನ ಕೈಗೆ ಬೋರ್ಡು ಸಿಗದಿದ್ದರೆ ನನ್ನ ಲ್ಯಾಬಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನಲ್ಲೇ ಹಾಜರಿ ತೆಗೆದುಕೊಳ್ಳುತ್ತೇನೆ.

ಇನ್ನು ಆ ದೊಡ್ಡ ಬೋರ್ಡಿನ ದೊಡ್ಡತನ. ಬೋರ್ಡಿನ ಬೆಲೆ ಬೋರ್ಡಿನಲ್ಲೇ ಮುಗಿಯುವುದಿಲ್ಲ. ಅದಕ್ಕೆ ತುಂಬುವ ಸಾಫ್ಟ್‌ವೇರ್ ಇಳಿಸಿಕೊಳ್ಳಲು ಹೋದೆ. ನಮ್ಮ ಲ್ಯಾಬಿನ ಕಂಪ್ಯೂಟರು ಬೆಳಿಗ್ಗೆಯಿಂದ ಸಂಜೆವರೆಗೆ ಇಳಿಸಿಕೊಂಡು, ಡಿಸ್ಕ್ ತುಂಬಿತು ಎಂದು ಹೇಳಿ ಮಲಗಿಬಿಟ್ಟಿತು. ಅದು ಓಡಬೇಕಾದರೆ ಹೊಸ ಕಂಪ್ಯೂಟರುಗಳು ಬೇಕು. ನನ್ನ ಚಿಕ್ಕ ಬೋರ್ಡಿನ ಸಾಫ್ಟ್‌ವೇರು, ಅದೂ ಬಯಲಿನದೇ, ನಮ್ಮ ಮುದಿ ಕಂಪ್ಯೂಟರಿನಲ್ಲೂ ಚಹಾ ಮುಗಿಯುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ನಿನ್ನದೊಂದರ ಬೆಲೆಗೆ ನನ್ನವು ಮೂರು.

ನಿನ್ನ ಬೋರ್ಡು ಬಂಗಲೆ, ಗೇಟಿಗೆ ಕಾವಲು,
ನನ್ನ ಬೋರ್ಡು ಗುಡಿಸಲು, ತೆರೆದೇ ಬಾಗಿಲು.

(ಸಭೆಯಲ್ಲಿ ಚಪ್ಪಾಳೆ.)

ನನ್ನ ಸಂಬಳದಿಂದಲೇ ಒಂದು ತರಿಸಿದ್ದೇನೆ. ಕಸ್ಟಮ್ಸ್‌ನವರು ಇದೇನು ಎಂದು ಹಿಡಿದಿಟ್ಟುಕೊಂಡಿದ್ದಾರೆ. ಅವರಿಗೂ ಆಟದ ಸಾಮಾನಿನಂತೆ ಕಂಡಿರಬೇಕು, ಆಡಿಕೊಂಡು ಕೊಡಲಿ.

ಎಲೆಯ ವಿಷಯ ಬರೆದಿದ್ದಾನೆ. ಅದು ನನಗೂ ಅತ್ತೆಗೂ ಇರುವ ವಿಷಯ. ಅಲ್ಲಿ ಎಂಜಿನಿಯರಿಗೆ ಕೆಲಸವಿಲ್ಲ.

ಬಿ. ಬ್ಯಾಟರಾಯಪ್ಪ


ರಾಜಾನುಕುಂಟೆ
೮ ಅಕ್ಟೋಬರ್ ೨೦೧೭

ಭಾವ,

ಸಹಿ ಹಾಕಿ ತೆಗೆದುಕೊಂಡೆ. ಪೋಸ್ಟ್‌ಮ್ಯಾನ್ ಕೋರ್ಟಿನ ನೋಟಿಸು ಅಂದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದ.

ಬಸ್ಸು ನೋಡುವ ಹುಡುಗನ ಮಾತು ಸರಿ. ಅದನ್ನು ನಾನು ಯೋಚಿಸಿರಲಿಲ್ಲ. ಲ್ಯಾಬಿನ ಕಂಪ್ಯೂಟರುಗಳ ಮಾತೂ ಸರಿ. ಇದನ್ನು ನೀವು ಪಂಕ್ತಿಯಲ್ಲೇ ಹೇಳಿದ್ದರೆ ನಾನು ಬಾಯಿ ಮುಚ್ಚಿ ತುಪ್ಪ ಬಡಿಸುತ್ತಿದ್ದೆ.

ಆದರೂ ಒಂದು ಮಾತು, ಸಿಟ್ಟಾಗದೆ ಕೇಳಿ. ಕಂಪ್ಯೂಟರಿನ ಒಳಗೆ ಅಣಕು ಪರೀಕ್ಷೆಯಲ್ಲಿ ಓಡಿದ್ದೆಲ್ಲ ಬೋರ್ಡಿನ ಮೇಲೆ ಓಡುವುದಿಲ್ಲ. ಅಂಥ ಚಿಕ್ಕ ಚಿಪ್ಪುಗಳಿಗೆ ಅವುಗಳದೇ ಚಾಳಿಗಳಿರುತ್ತವೆ. ಮೂವತ್ತು ಕೊಳ್ಳುವ ಮುಂಚೆ ಒಂದರ ಮೇಲೆ ಪ್ರೊಸೆಸರ್ ಓಡಿಸಿ ನೋಡಿ. ಓಡಿದರೆ ಕೊಳ್ಳಿ. ಓಡದೆ ಹೋದರೆ ನನಗೆ ಹೇಳಿ, ಬರುತ್ತೇನೆ. ಬರೆಯುವುದಿಲ್ಲ, ಬರುತ್ತೇನೆ.

ಬಾಲರಾಜ್


ಯಲಹಂಕ
೧೭ ಡಿಸೆಂಬರ್ ೨೦೧೭

ಸನ್ಮಾನ್ಯ ಸಭಿಕರೇ, ಕಿವುಡರೇ, ಅನುಮಾನಿಗಳೇ,

ಮೂರು ತಿಂಗಳಿಂದ ನನ್ನ ಕಡೆಯಿಂದ ಕಾಗದವಿಲ್ಲ ಎಂದು ರಾಜಾನುಕುಂಟೆಯಲ್ಲಿ ಯಾರೋ ಖುಷಿಪಟ್ಟಿರಬಹುದು. ಸೋತು ಸುಮ್ಮನಾದ ಎಂದುಕೊಂಡಿರಬಹುದು. ಈಗ ಕೇಳಲಿ.

ಮೊನ್ನೆ ದಾಸಪ್ಪನವರು ಹೇಳದೆ ಕೇಳದೆ ಲ್ಯಾಬಿಗೆ ಬಂದರು. ಬಂದದ್ದು ಒಬ್ಬರೇ ಅಲ್ಲ. ಜತೆಗೆ ಮರದ ಪೆಟ್ಟಿಗೆಯವನು, ಅವನ ಹಿಂದೆ ಮರದ ಪೆಟ್ಟಿಗೆ. ಅದನ್ನು ನನ್ನ ಮೇಜಿನ ಮೇಲೆ, ಕಸ್ಟಮ್ಸ್‌ನವರು ಕೊನೆಗೂ ಬಿಟ್ಟುಕೊಟ್ಟ ನನ್ನ ಬೋರ್ಡಿನ ಪಕ್ಕದಲ್ಲೇ ಇಟ್ಟರು. ಆನೆಯ ಪಕ್ಕ ಇರುವೆ. ಆ ಸರಬರಾಜುದಾರ ಬೋರ್ಡನ್ನು ಎರಡು ಬೆರಳಲ್ಲಿ ಎತ್ತಿ, "ಇಷ್ಟೇನಾ ಸಾರ್? ಕಳ್ದೋದ್ರೆ ಎಲ್ಲಿ ಹುಡುಕ್ತೀರ?" ಅಂದ. ನಮ್ಮ ವಿಭಾಗದ ಮುಖ್ಯಸ್ಥೆ ಅಕ್ಬರಿ ಮೇಡಂ ನನ್ನ ಮುಖ ನೋಡಿದರು. ಅವರು ಒಳ್ಳೆಯವರು, ಮೀಟಿಂಗಿನಲ್ಲಿ ನನ್ನ ಪರವಾಗಿ ಮಾತಾಡಿ ಮಾತಾಡಿ ಅವರ ಗಂಟಲೇ ಬಿದ್ದುಹೋಗಿದೆ.

"ಎಲ್ರೀ ಬ್ಯಾಟರಾಯಪ್ಪ, ನಿಮ್ ಪ್ರೊಸೆಸರು? ಇವತ್ತು ತೋರಿಸ್ಬಿಡಿ," ಎಂದರು ದಾಸಪ್ಪ.

ತೋರಿಸಿದೆ. ಬೋರ್ಡಿನ ಅಂಚಿನಲ್ಲಿ ಎಂಟು ದೀಪಗಳಿವೆ. ಹತ್ತುತ್ತ ಆರುತ್ತ, ಸೊನ್ನೆಯಿಂದ ಶುರುವಾಗಿ ಬೈನರಿಯಲ್ಲಿ, ಅಂದರೆ ಸೊನ್ನೆ-ಒಂದರ ಲೆಕ್ಕದಲ್ಲಿ, ಮೇಲಕ್ಕೆ ಎಣಿಸುತ್ತ ಹೋದವು. ಕೊನೆಯ ದೀಪದವರೆಗೂ ಹೋಗಿ, ಎಲ್ಲವೂ ಆರಿ, ಮತ್ತೆ ಮೊದಲಿಂದ. ದಾಸಪ್ಪನವರು ಬಗ್ಗಿ ನೋಡಿದರು. ಅವರ ಕನ್ನಡಕದಲ್ಲೂ ಎಣಿಕೆ ನಡೆಯುತ್ತಿತ್ತು. ಇದು ನಾವೇ ಕಟ್ಟಿದ್ದಾ ಎಂದು ಕೇಳಿದರು. ಹೌದು ಎಂದೆ. ಹೊರಗಿಂದ ತಂದದ್ದಲ್ಲವಾ ಎಂದರು. ಅಲ್ಲ ಎಂದೆ. ಪೆಟ್ಟಿಗೆಯವನ ಕಡೆ ತಿರುಗಿ ಅವರು ಅಂದ ಮಾತು ಸಭೆಯ ಗಮನಕ್ಕೆ: "ನೀವ್ ಪೆಟ್ಗೆ ಎತ್ಕೊಳ್ರಪ್ಪ."

ಪೆಟ್ಟಿಗೆ ಎತ್ತಿಕೊಂಡು ಹೋದ, ಹಲ್ಲು ಕಚ್ಚಿಕೊಂಡು ಹೋದ. ಮೂವತ್ತು ಬೋರ್ಡು ಮಂಜೂರು. ಸಂಕ್ರಾಂತಿಗೆ ಮುಂಚೆ ರಾಜಾನುಕುಂಟೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ, "ನಮ್ಮ ಕಾಲೇಜಿನದೇ ಪ್ರೊಸೆಸರ್" ಎಂದು. ಮೇಲೆ ದಾಸಪ್ಪನವರ ಚಿತ್ರ, ಕೆಳಗೆ ಸಣ್ಣದಾಗಿ ನನ್ನದು. ದಿನಾ ಆಫೀಸಿಗೆ ಹೋಗುವಾಗ ನೋಡಿಕೊಂಡು ಹೋಗಬಹುದು.

ಆಟದ ಸಾಮಾನು ಅಂದವನೆಲ್ಲಿ?
ಬಾಯಿಗೆ ಬೀಗ, ಬಾಗಿಲ ಸಂದಿಯಲ್ಲಿ.

ಅವರೆಕಾಯಿ ಕಳಿಸಿದ್ದೇನೆ. ಅತ್ತೆಗೆ. ಬೇರೆಯವರು ತಿನ್ನಬಾರದು ಎಂದೇನೂ ಇಲ್ಲ.

ಬಿ. ಬ್ಯಾಟರಾಯಪ್ಪ


ರಾಜಾನುಕುಂಟೆ
೨೪ ಡಿಸೆಂಬರ್ ೨೦೧೭

ಭಾವ,

ಸಂತೋಷ. ನಿಜವಾಗಿ. ನನ್ನ ಮಾತು ಸುಳ್ಳಾದರೆ ಆಗಲಿ.

ಒಂದೇ ಪ್ರಶ್ನೆ. ದೀಪ ಎಣಿಸಿದ್ದು ಯಾವ ಪ್ರೋಗ್ರಾಂ? ಅದನ್ನು ಬದಲಾಯಿಸಿ, ಮೇಲಿಂದ ಕೆಳಕ್ಕೆ ಎಣಿಸುವ ಹಾಗೆ ಮಾಡಿ ತೋರಿಸಿದಿರಾ? ಕೇಳುವುದು ಏಕೆಂದರೆ ಎಂಟು ದೀಪ ಎಣಿಸಲು ಪ್ರೊಸೆಸರ್ ಬೇಕಿಲ್ಲ. ಎಣಿಸುವುದು ಬಿಟ್ಟು ಇನ್ನೇನೂ ಬಾರದ ಕೌಂಟರ್ ಸರ್ಕ್ಯೂಟು ಸಾಕು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮೆಮೊರಿಯಿಂದ ಒಂದೊಂದೇ ಸೂಚನೆ ಓದಿ, ಹೇಳಿದ್ದನ್ನು ಮಾಡುವುದು ಪ್ರೊಸೆಸರ್. ನನಗೆ ಇದನ್ನು ಹೇಳಿಕೊಟ್ಟವರೇ ನೀವು.

ಅವರೆಕಾಯಿ ಸೊಗಡು ಚೆನ್ನಾಗಿತ್ತು. ತಿಂದೆ.

ಬಾಲರಾಜ್


ಯಲಹಂಕ
೧ ಜನವರಿ ೨೦೧೮

ಸಭಿಕರೇ,

ಹೊಸ ವರ್ಷದ ಮೊದಲ ದಿನ ಒಬ್ಬ ನಲವತ್ತೈದರ ಮೇಷ್ಟರನ್ನು ಕಳ್ಳನಂತೆ ಕಟಕಟೆಗೆ ನಿಲ್ಲಿಸಲಾಗಿದೆ. ಯಾವ ಪ್ರೋಗ್ರಾಂ ಅಂತೆ. ಬದಲಾಯಿಸಿದಿರಾ ಅಂತೆ. ಸಂತೋಷ ಎಂದು ಎರಡು ಪದ, ಅನುಮಾನಕ್ಕೆ ಇಡೀ ಕಾಗದ.

ಇವನಿಗೆ ಬೆಸುಗೆ ಹಾಕುವುದು ಕಲಿಸಿದ್ದು ಯಾರು? ಬ್ಯಾಟರಾಯನಪುರದ ನನ್ನ ಬಾಡಿಗೆ ಕೋಣೆಯಲ್ಲಿ ಹಳೆ ರೇಡಿಯೊ ಬಿಚ್ಚಿ, ರೆಸಿಸ್ಟರಿನ ಬಣ್ಣದ ಪಟ್ಟೆಗಳನ್ನು ಪದ್ಯ ಕಟ್ಟಿ ಬಾಯಿಪಾಠ ಮಾಡಿಸಿದ್ದು ಯಾರು? ಎಂಜಿನಿಯರಿಂಗ್ ಸೀಟು ಸಿಕ್ಕಾಗ ಇವನ ಮನೆಯವರಿಗಿಂತ ಮುಂಚೆ ಓಡಿಬಂದು ಹೇಳಿದ್ದು ಯಾರ ಹತ್ತಿರ? ಈಗ ಅವನೇ ನನಗೆ ಪ್ರೊಸೆಸರಿಗೂ ಕೌಂಟರಿಗೂ ವ್ಯತ್ಯಾಸ ಬರೆದು ಕಳಿಸುತ್ತಾನೆ, ಒಂದನೆಯ ತರಗತಿಯವನಿಗೆ ಬರೆದು ಕೊಟ್ಟಂತೆ.

ಕಂಪನಿಯಲ್ಲಿ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಇವನ ಉದ್ಯೋಗ ಎಂದು ನನ್ನ ಹೆಂಡತಿ, ಇವನ ಅಕ್ಕ ವನಿತಾ ಒಮ್ಮೆ ಹೇಳಿದ್ದಳು. ಹುಡುಕಲಿ. ಸಂಬಳ ಕೊಡುವವರ ಹತ್ತಿರ ಹುಡುಕಲಿ. ನನ್ನ ಲ್ಯಾಬಿನಲ್ಲಿ ಹುಡುಕಲು ಇವನಿಗೆ ಯಾರು ಸಂಬಳ ಕೊಟ್ಟರು? ಹೊಸ ಮನೆ ಕಟ್ಟಿಕೊಂಡರೆ ಹಳೆಯ ಮೇಷ್ಟರ ಮಾತನ್ನು ನಂಬಬಾರದು ಎಂಬ ನಿಯಮವೇನಾದರೂ ಆ ಲೇಔಟಿನಲ್ಲಿದೆಯೇ?

ಪದ್ಯ ಬೇಕೇ? ಇವತ್ತು ಪದ್ಯವಿಲ್ಲ.

ಬ್ಯಾಟರಾಯಪ್ಪ


ಯಲಹಂಕ
೨೧ ಜನವರಿ ೨೦೧೮

ಬಾಲುಗೆ ಅಕ್ಕನ ಆಶೀರ್ವಾದ.

ನಾನು ಇನ್ನು ಮೇಲೆ ನಿಮ್ಮ ಕಾಗದ ಹೊರುವುದಿಲ್ಲ. ಅಮ್ಮ ಹೇಳಿದರು ಅಂತ ಇಷ್ಟು ದಿನ ಹೊತ್ತೆ. ತರಕಾರಿ ಚೀಲದಲ್ಲಿ ಟೊಮೇಟೊ ಒಡೆದರೂ ನಿಮ್ಮ ಕಾಗದಕ್ಕೆ ಕಲೆ ಆಗದ ಹಾಗೆ ತಂದಿದ್ದೇನೆ. ನಿಮ್ಮಿಬ್ಬರಿಗೆ ಅದೂ ಗೊತ್ತಿಲ್ಲ.

ನೀನು ಏನು ಬರೆದೆಯೋ ಗೊತ್ತಿಲ್ಲ. ಅದನ್ನು ಓದಿದ ದಿನದಿಂದ ಇವರು ಸರಿಯಿಲ್ಲ. ಕಾಲೇಜಿನಿಂದ ಬಂದರೆ ಊಟದ ಮೇಜೇ ಲ್ಯಾಬು. ವೈರು ಸರಿಸಿ ತಟ್ಟೆ ಇಟ್ಟರೆ ಬೈಯುತ್ತಾರೆ. ಮುಂಚೆ ಸಿಟ್ಟು ಬಂದರೆ ಅದಕ್ಕೂ ಒಂದು ಪ್ರಾಸ ಹಾಕಿ ಬೈಯುತ್ತಿದ್ದರು, ನಾನು ನಗುತ್ತಿದ್ದೆ, ಮುಗಿಯುತ್ತಿತ್ತು. ಈಗ ಬರೀ ಬೈಗುಳ. ಮೊನ್ನೆ ಫ್ಲೆಕ್ಸ್ ನೋಡಿ ಬರೋಣ ಬನ್ನಿ ಅಂದೆ. ಬಸ್ಸಿನಲ್ಲಿ ಆ ಸರ್ಕಲ್ ಬಂದಾಗ ಇವರು ಆ ಕಡೆ ತಿರುಗಿಯೇ ನೋಡಲಿಲ್ಲ. ತಮ್ಮದೇ ಫೋಟೊ ಬಾಲು, ಅದನ್ನು ನೋಡಲಿಲ್ಲ.

ಏನಾಯ್ತು ಅಂತ ಕೇಳಿದರೆ ನಿನ್ನ ತಮ್ಮನನ್ನು ಕೇಳು ಅನ್ನುತ್ತಾರೆ. ಕೇಳುತ್ತಿದ್ದೇನೆ. ಏನಾಯ್ತು?

ಇದನ್ನು ಅಂಚೆಗೆ ಹಾಕಿದ್ದೇನೆ. ರಿಜಿಸ್ಟರ್ ಮಾಡಿಲ್ಲ, ನನಗೆ ಅಷ್ಟು ಸಿಟ್ಟಿಲ್ಲ.

ವನಿತಾ


ರಾಜಾನುಕುಂಟೆ
೧೧ ಫೆಬ್ರವರಿ ೨೦೧೮

ಭಾವ,

ಇದನ್ನು ನೀವು ಬೇರೆಯವರಿಂದ ಕೇಳುವುದಕ್ಕೆ ಮುಂಚೆ ನಾನೇ ಬರೆಯುತ್ತಿದ್ದೇನೆ. ನಿಮ್ಮ ಕಾಲೇಜಿನಿಂದ ಅಕ್ಬರಿ ಮೇಡಂ ಫೋನ್ ಮಾಡಿದ್ದರು. ಇಷ್ಟು ದೊಡ್ಡ ಖರೀದಿಗೆ ಹೊರಗಿನ ಒಬ್ಬ ತಜ್ಞರು ಪರೀಕ್ಷಿಸಿ ಸಹಿ ಹಾಕಬೇಕಂತೆ. ನಾನು ನಿಮ್ಮ ಬಾಮೈದ ಎಂದು ಗೊತ್ತಿದ್ದೇ ಕೇಳಿದರು. ನಿಮ್ಮ ಮೇಲೆ ಪಕ್ಷಪಾತವಿಲ್ಲದ ಬಾಮೈದ ಈ ರಸ್ತೆಯಲ್ಲಿ ನಾನೊಬ್ಬನೇ ಎಂದು ಅವರಿಗೆ ಯಾರೋ ಹೇಳಿರಬೇಕು. ಒಪ್ಪಿಕೊಂಡೆ. ಸೋಮವಾರ, ಹತ್ತೊಂಬತ್ತಕ್ಕೆ ಬರುತ್ತೇನೆ.

ನನ್ನದೇ ಒಂದು ಸಣ್ಣ ಪ್ರೋಗ್ರಾಂ ತರುತ್ತೇನೆ. ಅದನ್ನು ನಿಮ್ಮ ಪ್ರೊಸೆಸರಿಗೆ ಕೊಟ್ಟರೆ ಕಂಪ್ಯೂಟರಿನ ತೆರೆಯ ಮೇಲೆ ಕಾಲೇಜಿನ ಹೆಸರು ಮೂಡಬೇಕು. ಮೂಡಿದರೆ ಸಹಿ ಹಾಕುತ್ತೇನೆ. ಅಷ್ಟೇ ಅಲ್ಲ, ಆಟದ ಸಾಮಾನು ಎಂದದ್ದು ನನ್ನ ತಪ್ಪು ಎಂದು ದಾಸಪ್ಪನವರ ಮುಂದೆ, ನಿಮ್ಮ ಹುಡುಗರ ಮುಂದೆ ಹೇಳುತ್ತೇನೆ. ಮೂಡದಿದ್ದರೆ ಸಹಿ ಹಾಕುವುದಿಲ್ಲ. ಅಕ್ಕ ಅತ್ತರೂ ಹಾಕುವುದಿಲ್ಲ.

ನಿಮಗೆ ಸಿಟ್ಟಿದೆ. ನನಗೂ ಇದೆ. ನೀವು ನನ್ನ ಮನೆಯ ಊಟ ಬಿಟ್ಟು ಎದ್ದದ್ದಕ್ಕೆ ಸಿಟ್ಟು. ನಾನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡದೆ ಹಳೆ ರೇಡಿಯೊ ಕಥೆ ಹೇಳಿದ್ದಕ್ಕೆ ಅದಕ್ಕಿಂತ ಸಿಟ್ಟು. ಆದರೆ ತಪ್ಪು ಹುಡುಕಲು ಬರುತ್ತಿದ್ದೇನೆ ಅಂದುಕೊಳ್ಳಬೇಡಿ. ಅದು ಓಡಲಿ ಅಂದುಕೊಂಡೇ ಬರುತ್ತಿದ್ದೇನೆ.

ಬಾಲರಾಜ್


ಯಲಹಂಕ
೧೭ ಫೆಬ್ರವರಿ ೨೦೧೮

ಸನ್ಮಾನ್ಯ ಅಧ್ಯಕ್ಷರೇ, ಹಾಗೂ ಹೊರಗಿನ ತಜ್ಞರನ್ನು ನೋಡಲು ನೆರೆದಿರುವ ಮಹಾಜನರೇ,

ಮನೆಯಲ್ಲಿ ಅಂಚೆ ಮುಷ್ಕರ ಇರುವುದರಿಂದ ಈ ಭಾಷಣವನ್ನು ನಾನೇ ತಂದು ತಜ್ಞರ ಗೇಟಿನ ಡಬ್ಬಿಗೆ ಹಾಕಿ ಹೋಗುತ್ತಿದ್ದೇನೆ.

ಮೊದಲಿಗೆ ಅಭಿನಂದನೆಗಳು. ಎಂಥ ಬೆಳವಣಿಗೆ. ನನ್ನ ಕೋಣೆಯಲ್ಲಿ ಬೆಸುಗೆ ಕಡ್ಡಿ ಬೆರಳಿಗೆ ತಾಗಿಸಿಕೊಂಡು ಅತ್ತವನು ಈಗ ನನ್ನ ಮೇಲೆ ತೀರ್ಪು ಕೊಡಲು ಕಾರಿನಲ್ಲಿ ಬರುತ್ತಾನೆ. ಬರಲಿ. ಹೂವಿನ ಹಾರ ತರಿಸೋಣ. ಫ್ಲೆಕ್ಸಿನಲ್ಲಿ ಅವನಿಗೂ ಒಂದು ಜಾಗ ಮಾಡೋಣ, ನನ್ನ ಚಿತ್ರ ತೆಗೆದರೆ ಸರಿಯಾಗಿ ಕೂರುತ್ತದೆ.

ದಾಸಪ್ಪನವರಿಗೂ ನನ್ನ ಧಿಕ್ಕಾರ. ಇಪ್ಪತ್ತು ವರ್ಷ ಮುಚ್ಚಳ ತೋರಿಸಿದ ಪೆಟ್ಟಿಗೆಗಳಿಗೆ ಯಾವ ತಜ್ಞನೂ ಬಂದು ಸಹಿ ಹಾಕಲಿಲ್ಲ. ಒಂದು ದಿನವಾದರೂ ಯಾರಾದರೂ ಇದು ಓಡುತ್ತದೆಯೇ ಎಂದು ಕೇಳಿದರೇ? ಬಡಪಾಯಿಯೊಬ್ಬ ತನ್ನ ಸಂಬಳದಲ್ಲಿ ಅಂಗೈಯಗಲದ ಬೋರ್ಡು ತಂದರೆ ಮಾತ್ರ ಪರೀಕ್ಷೆ, ಪ್ರಶ್ನೆ, ಪ್ರೋಗ್ರಾಂ. ಪ್ರೊಸೆಸರ್ ಕಟ್ಟುವ ಈ ವಿಷಯವನ್ನು ಆರಿಸಿಕೊಂಡು ಈಗಾಗಲೇ ಒಂದು ಕ್ಲಾಸು ಮಕ್ಕಳು ಕೂತಿದ್ದಾರೆ. ನಮ್ಮ ಬೋರ್ಡು ಎಂದು ಬರುತ್ತದೆ ಸಾರ್ ಎಂದು ದಿನಾ ಕೇಳುತ್ತಾರೆ. ಬಸ್ಸು ನೋಡುತ್ತಿದ್ದವನೂ ಕೇಳುತ್ತಾನೆ. ಅವರಿಗೆ ನಾನು ಏನೆಂದು ಹೇಳಲಿ, ಹೊರಗಿನವರು ಒಪ್ಪಲಿಲ್ಲ ಎಂದೇ? ಒಪ್ಪದಿರಲು ಹೊರಗಿನವರು ಯಾರು? ತಪ್ಪು ಹುಡುಕುವವರಿಗೆ ಈ ದೇಶದಲ್ಲಿ ಬರವೇ? ಕಟ್ಟುವವನೊಬ್ಬ, ಕುಟ್ಟುವವರು ಹತ್ತು. ನನ್ನ ಕಡೆಗೂ ಬರಲಿ ಒಬ್ಬ, ಹೇಳಲು ನಾಲ್ಕು...

ಸಾಕು. ಸಭೆಯೂ ಇಲ್ಲ, ಗಿಬೆಯೂ ಇಲ್ಲ.

ಬಾಲು, ಅವತ್ತು ನಾನು ತೋರಿಸಿದ್ದು ಪ್ರೊಸೆಸರ್ ಅಲ್ಲ. ಕೌಂಟರ್. ಅವರು ಪೆಟ್ಟಿಗೆ ತಂದು ಪಕ್ಕದಲ್ಲಿ ಇಟ್ಟರು, ಬೋರ್ಡಿನ ಮೇಲೆ ಓಡುತ್ತಿದ್ದದ್ದು ಅದೊಂದೇ, ಅದನ್ನೇ ತುಂಬಿದೆ. ನಮ್ಮ ಪ್ರೊಸೆಸರ್ ಕಂಪ್ಯೂಟರಿನೊಳಗೆ ಚೆನ್ನಾಗಿ ಓಡುತ್ತದೆ. ಬೋರ್ಡಿಗೆ ಹಾಕಿದರೆ ಮೊದಲನೇ ಸೂಚನೆಯಲ್ಲೇ ನಿಂತುಬಿಡುತ್ತದೆ. ಅಕ್ಟೋಬರಿನಿಂದ ನೋಡುತ್ತಿದ್ದೇನೆ. ಒಂದು ದಿನವೂ ಓಡಿಲ್ಲ. ಯಾಕೆ ಅಂತ ನನಗೆ ಗೊತ್ತಾಗ್ತಿಲ್ಲ ಕಣೋ.

ಭಾವ